ಅಕ್ಕನಿಗೆ ಬಾಲ್, ತಂಗಿಗೆ ರಾಡ್

ನಮ್ಮ ಮನೆಯಲ್ಲಿ ಎರಡು ವರ್ಷಗಳ ಅಂತರದಲ್ಲಿ ಅಕ್ಕತಂಗಿಯರಿಬ್ಬರೂ ಬಿದ್ದು ಸೊಂಟ ಮುರಿದುಕೊಂಡರು. ಮೊದಲು ಬಿದ್ದವರು 84 ವರ್ಷದ ನನ್ನ ದೊಡ್ಡಮ್ಮ. ನಸುಕಿನಲ್ಲಿ ಬಚ್ಚಲುಮನೆಗೆ ಹೋದವರು ಒದ್ದೆ ನೆಲದಲ್ಲಿ ಜಾರಿದರು. ವೈದ್ಯರು ಅವರ ತೊಡೆಮೂಳೆಯ ತಲೆಯನ್ನೇ ತೆಗೆದು, ಅದರ ಜಾಗದಲ್ಲಿ ಲೋಹದ ಗುಂಡೊಂದನ್ನು ಕೂರಿಸಿದರು. ಎರಡನೆಯವರು ನನ್ನ ಅಮ್ಮ, ಆಗ ವಯಸ್ಸು 79. ಹಿತ್ತಲ ಮೆಟ್ಟಿಲಿಳಿಯುವಾಗ ಸೀರೆಯ ನೆರಿಗೆ ಕಾಲಿಗೆ ಸಿಕ್ಕಿ ಬಿದ್ದರು. ಅವರ ಮೂಳೆಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡು, ಅದರೊಳಗೆ ಗೇಣುದ್ದದ ಸರಳೊಂದನ್ನು ಇಳಿಸಿ ಸ್ಕ್ರೂ ಬಿಗಿದರು. ಅಂದಿನಿಂದ ಮನೆಗೆ ಬಂದ ನೆಂಟರೆಲ್ಲ ಕೇಳುವ ಪ್ರಶ್ನೆ ಒಂದೇ: ಅಕ್ಕನಿಗೆ ಬಾಲ್ ಹಾಕಿದರು, ತಂಗಿಗೆ ರಾಡ್ ಹಾಕಿದರು, ಎರಡರಲ್ಲಿ ಯಾವುದು ಒಳ್ಳೆಯದು? ಈ ಪ್ರಶ್ನೆಯ ಹಿಂದೆ ಇನ್ನೊಂದು ಅನುಮಾನವೂ ಇರುತ್ತದೆ. ಇಬ್ಬರಲ್ಲಿ ಒಬ್ಬರಿಗೆ ಕಡಿಮೆ ದರ್ಜೆಯದನ್ನು ಹಾಕಿರಬೇಕು, ಇಲ್ಲವೇ ಒಬ್ಬರಿಂದ ಹೆಚ್ಚು ಹಣ ಕಿತ್ತಿರಬೇಕು ಎಂಬುದು ಆ ಅನುಮಾನ.

ನಾನು ವೈದ್ಯನಲ್ಲ. ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ವಿಭಾಗದ ಹುಡುಗರಿಗೆ ತೊಲೆ, ಸನ್ನೆ, ಬಾಗುಬಲಗಳ ಪಾಠ ಹೇಳಿ ನಿವೃತ್ತನಾದವನು. ಆದರೆ ಅಮ್ಮನ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ನೋಡಿದಾಗ ಅದು ನನಗೆ ಪರಿಚಯದ ಚಿತ್ರದಂತೆಯೇ ಕಂಡಿತು. ಗೋಡೆಯಿಂದ ಹೊರಗೆ ಚಾಚಿದ ಬ್ರಾಕೆಟ್ಟಿನ ತುದಿಯಲ್ಲಿ ಭಾರ ಹೇರಿದರೆ ಏನಾಗುತ್ತದೋ ಅದೇ ಅಲ್ಲಿ ಆಗಿತ್ತು. ಅಂದಿನಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ಇಬ್ಬರಿಗೂ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ಬೇಸರ ಬರುವಷ್ಟು ಪ್ರಶ್ನೆ ಕೇಳಿದ್ದೇನೆ. ನೆಂಟರಿಗೆ ಬಾಯಿಮಾತಿನಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತಿನ ಗೊಂದಲವನ್ನು ಬಿಡಿಸಬೇಕು. ನಾವು ‘ಸೊಂಟ ಮುರಿಯಿತು’ ಎಂದಾಗ ಮುರಿಯುವುದು ಸಾಮಾನ್ಯವಾಗಿ ಸೊಂಟದ ಮೂಳೆಯಲ್ಲ, ತೊಡೆಮೂಳೆಯ ಮೇಲ್ತುದಿ. ತೊಡೆಮೂಳೆ ನೇರವಾಗಿ ಮೇಲಕ್ಕೆ ಹೋಗಿ ಕೀಲಿಗೆ ಸೇರುವುದಿಲ್ಲ. ಮೇಲ್ತುದಿಯಲ್ಲಿ ಅದು ಒಳಮುಖವಾಗಿ ಬಾಗಿ, ಕುತ್ತಿಗೆಯಂಥ ಸಣ್ಣ ಭಾಗವಾಗಿ ಚಾಚಿ, ಕೊನೆಯಲ್ಲಿ ಚೆಂಡಿನಂಥ ತಲೆಯಾಗುತ್ತದೆ. ಆ ತಲೆ ಕೂರುವ ಬಟ್ಟಲು ಮಾತ್ರ ಸೊಂಟದ ಮೂಳೆಯಲ್ಲಿದೆ. ಕುತ್ತಿಗೆಗೂ ಕಾಂಡಕ್ಕೂ ನಡುವಿನ ಕೋನ ಹೆಚ್ಚುಕಡಿಮೆ 130 ಡಿಗ್ರಿ. ಕುತ್ತಿಗೆ ಕಾಂಡವನ್ನು ಸೇರುವ ಕಡೆ ಹೊರಗೊಂದು ದೊಡ್ಡ ಉಬ್ಬು, ಒಳಗೊಂದು ಚಿಕ್ಕ ಉಬ್ಬು ಇವೆ. ವೈದ್ಯರು ಇವನ್ನು ಟ್ರೊಕ್ಯಾಂಟರ್ ಎನ್ನುತ್ತಾರೆ. ದೊಡ್ಡಮ್ಮನ ಮೂಳೆ ಕುತ್ತಿಗೆಯಲ್ಲಿ ಮುರಿದಿತ್ತು, ಅಮ್ಮನದು ಎರಡು ಉಬ್ಬುಗಳ ನಡುವೆ. ಎರಡೂ ಮುರಿತಗಳ ನಡುವೆ ಎರಡು ಅಂಗುಲದ ಅಂತರವೂ ಇರಲಾರದು. ಬಿದ್ದ ಗಳಿಗೆಯಲ್ಲಿ ಹೊರಗಿನಿಂದ ನೋಡಿದರೆ ಇಬ್ಬರ ಸ್ಥಿತಿಯೂ ಒಂದೇ ಆಗಿತ್ತು: ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ, ಎತ್ತಲಾಗದೆ ಬಿದ್ದಿತ್ತು. ಚಿಕಿತ್ಸೆಯ ದಾರಿಗಳನ್ನು ಬೇರೆ ಮಾಡಿದ್ದು ಆ ಎರಡು ಅಂಗುಲವೇ.

ಇದಕ್ಕೆ ಕಾರಣ ಉಕ್ಕಿನಲ್ಲಿಲ್ಲ, ರಕ್ತದಲ್ಲಿದೆ. ತೊಡೆಮೂಳೆಯ ತಲೆಗೆ ರಕ್ತ ಒಯ್ಯುವ ಮುಖ್ಯ ನಾಳಗಳು ಕೆಳಗಿನಿಂದ ಹೊರಟು, ಕುತ್ತಿಗೆಯ ಮೇಲ್ಮೈಗೆ ಅಂಟಿಕೊಂಡು, ತಲೆಯ ಕಡೆಗೆ ಏರುತ್ತವೆ. ಹೊಲದ ಬದುವಿನ ಮೇಲೆ ಹರಿಯುವ ಕಾಲುವೆಯಂತೆ ಎನ್ನಬಹುದು. ಬದು ಒಡೆದರೆ ಕಾಲುವೆಯೂ ಒಡೆಯುತ್ತದೆ. ಕುತ್ತಿಗೆ ಮುರಿದು ತುಂಡುಗಳು ಜಾಗ ಬಿಟ್ಟು ಸರಿದಾಗ ಈ ನಾಳಗಳು ಕಿತ್ತುಹೋಗುತ್ತವೆ ಇಲ್ಲವೇ ತಿರುಚಿಕೊಳ್ಳುತ್ತವೆ. ಆಮೇಲೆ ತಲೆಯನ್ನು ಎಷ್ಟೇ ಅಚ್ಚುಕಟ್ಟಾಗಿ ಸ್ಕ್ರೂ ಹಾಕಿ ಕೂರಿಸಿದರೂ ಅದು ರಕ್ತವಿಲ್ಲದೆ ಒಳಗೊಳಗೇ ಸಾಯಬಹುದು, ತಿಂಗಳುಗಳ ನಂತರ ಕುಸಿಯಬಹುದು. ಸಾಲದ್ದಕ್ಕೆ ಕುತ್ತಿಗೆಯ ಬಹುಭಾಗ ಕೀಲಿನ ಚೀಲದೊಳಗೇ ಇದೆ. ಬೇರೆ ಮೂಳೆಗಳ ಸುತ್ತ ಇದ್ದು ಹೊಸ ಮೂಳೆ ಬೆಳೆಸುವ ಪೊರೆ ಇಲ್ಲಿ ಆ ಕೆಲಸಕ್ಕೆ ಒದಗುವುದಿಲ್ಲ, ಆದ್ದರಿಂದ ಮುರಿತ ಕೂಡುವುದೇ ನಿಧಾನ. ಉಬ್ಬುಗಳ ನಡುವಿನ ಜಾಗದ ಕಥೆ ಇದಕ್ಕೆ ತೀರ ವಿರುದ್ಧ. ಅಲ್ಲಿ ರಕ್ತ ಧಾರಾಳ, ಸುತ್ತ ಸ್ನಾಯುಗಳ ಹೊದಿಕೆ. ಮೂಳೆ ಕೂಡಿಯೇ ಕೂಡುತ್ತದೆ. ಕೂಡುವ ತನಕ ಅದನ್ನು ಸರಿಯಾದ ಆಕಾರದಲ್ಲಿ ಹಿಡಿದಿಡುವುದಷ್ಟೇ ಅಲ್ಲಿನ ಸಮಸ್ಯೆ. ಅಂದರೆ ದೊಡ್ಡಮ್ಮನದು ಜೀವಶಾಸ್ತ್ರದ ತೊಂದರೆ, ಅಮ್ಮನದು ನನ್ನ ಹಳೆಯ ಪಾಠದ ತೊಂದರೆ.

ಕುತ್ತಿಗೆಯ ಮುರಿತವನ್ನು ವೈದ್ಯರು ಇಂದಿಗೂ 1961ರಲ್ಲಿ ಗಾರ್ಡನ್ ಎಂಬ ಬ್ರಿಟಿಷ್ ಶಸ್ತ್ರವೈದ್ಯರು ಮಾಡಿದ ನಾಲ್ಕು ದರ್ಜೆಗಳಲ್ಲೇ ಹೇಳುತ್ತಾರೆ. ಮೊದಲೆರಡು ದರ್ಜೆಗಳಲ್ಲಿ ತುಂಡುಗಳು ಸರಿದಿರುವುದಿಲ್ಲ, ಕೊನೆಯ ಎರಡರಲ್ಲಿ ಸರಿದಿರುತ್ತವೆ. ಚಿಕಿತ್ಸೆ ನಿರ್ಧರಿಸುವಾಗ ಮುಖ್ಯವಾಗುವುದು ಈ ಒಂದೇ ಗೆರೆ, ಸರಿದಿದೆಯೋ ಇಲ್ಲವೋ ಎಂಬುದು. ದೊಡ್ಡಮ್ಮನದು ನಾಲ್ಕನೆಯ ದರ್ಜೆ. ಅಂಥ ವಯಸ್ಸಿನಲ್ಲಿ, ಅಂಥ ಮುರಿತಕ್ಕೆ ಸ್ಕ್ರೂ ಹಾಕಿದರೆ ಮತ್ತೊಮ್ಮೆ ಆಪರೇಷನ್ ಮೇಜಿಗೆ ಹೋಗಬೇಕಾಗುವ ಸಂಭವ ದೊಡ್ಡದು, ಮತ್ತು ಎರಡನೆಯ ಸಲವನ್ನು ಅವರ ಹೃದಯ ತಡೆಯುತ್ತದೆ ಎಂಬ ಭರವಸೆ ಯಾರಿಗೂ ಇರಲಿಲ್ಲ. ಹಾಗಾಗಿ ತಲೆಯನ್ನು ಉಳಿಸುವ ಯೋಚನೆಯನ್ನೇ ಬಿಟ್ಟು ಅದನ್ನು ಬದಲಿಸಿದರು. ಬಟ್ಟಲನ್ನು ಮುಟ್ಟದೆ ಗುಂಡನ್ನು ಮಾತ್ರ ಬದಲಿಸುವುದರಿಂದ ಇದಕ್ಕೆ ಅರ್ಧ ಕೀಲು ಎಂದು ಹೆಸರು. ಈ ಉಪಾಯ ಹೊಸದೇನಲ್ಲ. ಅಮೆರಿಕದ ಆಸ್ಟಿನ್ ಮೂರ್ ಮತ್ತು ಥಾಂಪ್ಸನ್ ರೂಪಿಸಿದ ಗುಂಡುಗಳು 1950ರ ದಶಕದಿಂದಲೂ ಬಳಕೆಯಲ್ಲಿವೆ. ನಮ್ಮ ಕಡೆ ಈಗ ‘ಬೈಪೋಲಾರ್’ ಎಂಬ, ಗುಂಡಿನೊಳಗೆ ಇನ್ನೊಂದು ಸಣ್ಣ ಗುಂಡು ತಿರುಗುವ ಮಾದರಿಯನ್ನೇ ಹೆಚ್ಚು ಹಾಕುತ್ತಾರೆ. ಅದರ ಬೆಲೆ ಹೆಚ್ಚು. ಆದರೆ ವಯಸ್ಸಾದವರಲ್ಲಿ ಒಂಟಿ ಗುಂಡಿಗಿಂತ ಅದು ಎದ್ದು ಕಾಣುವಷ್ಟು ಉತ್ತಮವೆಂದು ಹೋಲಿಕೆಯ ಅಧ್ಯಯನಗಳು ತೋರಿಸಿಲ್ಲ. ಒಂದು ಕಡೆ ಹಣ ಉಳಿಸಲು ಅವಕಾಶವಿದ್ದರೆ ಅದು ಇಲ್ಲಿ ಎಂದು ನನ್ನ ಅನಿಸಿಕೆ.

ಹಣ ಉಳಿಸಲೇಬಾರದ ಕಡೆ ಯಾವುದೆಂದರೆ ಸಿಮೆಂಟು. ಗುಂಡಿಗೆ ಜೋಡಿಸಿದ ಕಾಂಡವನ್ನು ತೊಡೆಮೂಳೆಯ ಟೊಳ್ಳಿನಲ್ಲಿ ಒಂದೋ ಒತ್ತಿ ಕೂರಿಸುತ್ತಾರೆ, ಇಲ್ಲವೇ ಅಕ್ರಿಲಿಕ್ ಸಿಮೆಂಟು ತುಂಬಿ ಕೂರಿಸುತ್ತಾರೆ. ಸಿಮೆಂಟು ಹಾಕುವ ಗಳಿಗೆಯಲ್ಲಿ ಕೆಲವರಿಗೆ ರಕ್ತದೊತ್ತಡ ಕುಸಿಯುವ ಅಪಾಯವಿರುವುದರಿಂದ ಅನೇಕರು ಅದಕ್ಕೆ ಹಿಂಜರಿಯುತ್ತಾರೆ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ 60 ದಾಟಿದ 1,225 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಇವೆರಡನ್ನೂ ಹೋಲಿಸಿದರು. ಸಿಮೆಂಟು ಹಾಕಿಸಿಕೊಂಡವರು ನಾಲ್ಕು ತಿಂಗಳ ನಂತರ ಅಲ್ಪ ಪ್ರಮಾಣದಲ್ಲಾದರೂ ಹೆಚ್ಚು ಸುಖವಾಗಿದ್ದರು. ಕೃತಕ ಕಾಂಡದ ಸುತ್ತ ಮೂಳೆ ಮತ್ತೆ ಸೀಳುವುದು ಅವರಲ್ಲಿ ಶೇ. 0.5 ಇದ್ದರೆ, ಸಿಮೆಂಟಿಲ್ಲದವರಲ್ಲಿ ಶೇ. 2.1 ಇತ್ತು. ಟೊಳ್ಳು ಬಿದಿರಿಗೆ ಬೆಣೆ ಹೊಡೆದರೆ ಸೀಳುತ್ತದೆ ಎಂದು ನಮ್ಮ ಊರಿನ ಬಡಗಿಯೂ ಹೇಳಿಯಾನು.

ಅರ್ಧ ಕೀಲಿನ ಬದಲು ಬಟ್ಟಲನ್ನೂ ಬದಲಿಸುವ ಪೂರ್ಣ ಕೀಲನ್ನೇ ಏಕೆ ಹಾಕಬಾರದು ಎಂದೂ ನಾನು ಕೇಳಿದ್ದೆ. ಇದಕ್ಕೂ ಉತ್ತರವಿದೆ. 2019ರಲ್ಲಿ ಫಲಿತಾಂಶ ಹೊರಬಂದ, 10 ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗದಲ್ಲಿ, ಬೀಳುವ ಮೊದಲು ತಾವಾಗಿ ಓಡಾಡುತ್ತಿದ್ದ ಸುಮಾರು 1,500 ಜನರನ್ನು ಹೋಲಿಸಲಾಯಿತು. ಎರಡು ವರ್ಷಗಳೊಳಗೆ ಮರುಚಿಕಿತ್ಸೆ ಬೇಕಾದವರು ಪೂರ್ಣ ಕೀಲಿನಲ್ಲಿ ಶೇ. 7.9, ಅರ್ಧ ಕೀಲಿನಲ್ಲಿ ಶೇ. 8.3. ವ್ಯತ್ಯಾಸವೇ ಇಲ್ಲ ಎನ್ನಬಹುದು. ಪೂರ್ಣ ಕೀಲಿನವರು ನೋವು, ಓಡಾಟಗಳಲ್ಲಿ ತುಸು ಮುಂದಿದ್ದರು, ಆದರೆ ಕೀಲು ತಪ್ಪುವಂಥ ತೊಂದರೆಗಳು ಅವರಲ್ಲಿ ಹೆಚ್ಚಾಗಿದ್ದವು. ಎಪ್ಪತ್ತರೊಳಗಿನ, ದಿನವೂ ಮೈಲಿಗಟ್ಟಲೆ ನಡೆಯುವ ವ್ಯಕ್ತಿಗೆ ಪೂರ್ಣ ಕೀಲು ಸರಿ. ಮನೆಯೊಳಗೆ ಓಡಾಡಿಕೊಂಡಿದ್ದ ದೊಡ್ಡಮ್ಮನಿಗೆ ಅರ್ಧವೇ ಸಾಕಾಗಿತ್ತು.

ಕುತ್ತಿಗೆ ಮುರಿದವರಿಗೆಲ್ಲ ಬಾಲ್ ಹಾಕುತ್ತಾರೆ ಎಂದು ಯಾರೂ ತಿಳಿಯಬಾರದು. ಚಿಕ್ಕಪ್ಪನ ಮಗ 34ನೆಯ ವಯಸ್ಸಿನಲ್ಲಿ ಬೈಕಿನಿಂದ ಬಿದ್ದು ಅದೇ ಜಾಗದಲ್ಲಿ ಮುರಿದುಕೊಂಡಾಗ ಮೂರು ಸ್ಕ್ರೂಗಳಷ್ಟನ್ನೇ ಹಾಕಿದರು. ಲೋಹದ ಕೀಲು ಸವೆಯುತ್ತದೆ, ಅವನ ಮುಂದಿರುವ ಆಯುಷ್ಯ ಅದಕ್ಕಿಂತ ದೊಡ್ಡದು. ಆದ್ದರಿಂದ ರಕ್ತವಿಲ್ಲದೆ ಮೂಳೆಯ ತಲೆ ಸಾಯುವ ಅಪಾಯವಿದ್ದರೂ ಅದನ್ನೇ ಉಳಿಸಲು ಪ್ರಯತ್ನಿಸಲೇಬೇಕು. ಸ್ಕ್ರೂಗಳನ್ನು ತಲೆಕೆಳಗಾದ ತ್ರಿಕೋನದಂತೆ, ಒಂದನ್ನು ಕೆಳಗೆ, ಎರಡನ್ನು ಮೇಲೆ, ಒಂದಕ್ಕೊಂದು ಸಮಾನಾಂತರವಾಗಿ ಇಡುತ್ತಾರೆ. ಮುರಿತದ ಗೆರೆ ಹೆಚ್ಚು ಅಡ್ಡಡ್ಡವಾಗಿದ್ದರೆ ದೇಹದ ಭಾರ ತುಂಡುಗಳನ್ನು ಒಂದಕ್ಕೊಂದು ಒತ್ತುತ್ತದೆ. ಗೆರೆ ಕಡಿದಾಗಿದ್ದರೆ ಅದೇ ಭಾರ ಒಂದನ್ನು ಇನ್ನೊಂದರ ಮೇಲಿಂದ ಜಾರಿಸುತ್ತದೆ. ಇದನ್ನು ಪಾವೆಲ್ಸ್ ಎಂಬ ಜರ್ಮನ್ ವೈದ್ಯರು 1935ರಲ್ಲೇ ಕೋನ ಅಳೆದು ತೋರಿಸಿದ್ದರು, ಅವರ ರೇಖಾಚಿತ್ರಗಳನ್ನು ನನ್ನ ತರಗತಿಯ ಹಲಗೆಯ ಮೇಲೆ ಬರೆದಿದ್ದರೂ ನಡೆಯುತ್ತಿತ್ತು. ಗೆರೆ ಕಡಿದಾಗಿದ್ದಾಗ ಬಿಡಿ ಸ್ಕ್ರೂಗಳಿಗಿಂತ ಪ್ಲೇಟಿಗೆ ಜೋಡಿಸಿದ ದೊಡ್ಡ ಸ್ಕ್ರೂ ಮೇಲು ಎಂಬ ವಾದವಿದೆ. 2017ರಲ್ಲಿ ಪ್ರಕಟವಾದ, 1,100ಕ್ಕೂ ಹೆಚ್ಚು ಜನರ ಪ್ರಯೋಗದಲ್ಲಿ ಒಟ್ಟಾರೆ ಮರುಚಿಕಿತ್ಸೆಯ ಪ್ರಮಾಣ ಎರಡರಲ್ಲೂ ಸರಿಸುಮಾರು ಐವರಲ್ಲಿ ಒಬ್ಬರಷ್ಟೇ ಇತ್ತು. ಅದರಲ್ಲಿದ್ದವರೆಲ್ಲ 50 ದಾಟಿದವರು ಎಂಬುದನ್ನು ಮರೆತು ಆ ಅಂಕಿಯನ್ನು ನನ್ನ ತಮ್ಮನಿಗೆ ಅನ್ವಯಿಸುವಂತಿಲ್ಲ.

ಈಗ ಅಮ್ಮನ ಮುರಿತಕ್ಕೆ ಬರುತ್ತೇನೆ. ಇಲ್ಲಿ ಮೂಳೆ ತಾನಾಗಿ ಕೂಡುತ್ತದೆ ಎಂದೆನಲ್ಲ, ಹಾಗಿದ್ದರೆ ಆಪರೇಷನ್ನೇ ಏಕೆ ಎಂದು ನಮ್ಮ ಸೋದರಮಾವ ಆಸ್ಪತ್ರೆಯ ವರಾಂಡದಲ್ಲೇ ವಾದ ಹೂಡಿದ್ದರು. ಪುತ್ತೂರು ಕಟ್ಟು ಹಾಕಿಸಿದರೆ ಸಾಲದೇ ಎಂಬುದು ಅವರ ಪ್ರಶ್ನೆ. ಮುಂಗೈ ಮುರಿದಾಗ ಕಟ್ಟು ಕೆಲಸ ಮಾಡುವುದು ಮೂಳೆ ಚರ್ಮಕ್ಕೆ ಹತ್ತಿರವಿರುವುದರಿಂದ ಮತ್ತು ಮೇಲಿನ, ಕೆಳಗಿನ ಕೀಲುಗಳನ್ನು ಹಿಡಿದಿಡಲು ಬರುವುದರಿಂದ. ತೊಡೆಯ ಬುಡದಲ್ಲಿ ಮೂಳೆ ದಪ್ಪ ಸ್ನಾಯುಗಳ ಒಳಗಿದೆ, ಆ ಸ್ನಾಯುಗಳೇ ತುಂಡುಗಳನ್ನು ಮೇಲಕ್ಕೂ ಹೊರಕ್ಕೂ ಎಳೆಯುತ್ತಿರುತ್ತವೆ. ಅಲ್ಲಿಗೆ ಯಾವ ಪಟ್ಟಿಯ ಬಿಗಿತವೂ ತಲುಪದು. ಹಿಂದೆ ಕಾಲಿಗೆ ಹಗ್ಗ ಕಟ್ಟಿ, ಮಂಚದ ತುದಿಯಲ್ಲಿ ಇಟ್ಟಿಗೆ ತೂಗುಹಾಕಿ ಎರಡು-ಮೂರು ತಿಂಗಳು ಮಲಗಿಸುತ್ತಿದ್ದರು. ಮೂಳೆ ಕೂಡುತ್ತಿತ್ತು, ಆದರೆ ಅಷ್ಟರಲ್ಲಿ ಬೆನ್ನಿನ ಹುಣ್ಣು, ಎದೆಯ ಕಫ, ಕಾಲಿನ ರಕ್ತನಾಳದ ಹೆಪ್ಪು ಇವುಗಳಲ್ಲಿ ಒಂದು ಮನುಷ್ಯರನ್ನು ಒಯ್ಯುತ್ತಿತ್ತು. ಇಂದಿನ ಒಳ್ಳೆಯ ಚಿಕಿತ್ಸೆ ಪಡೆದವರಲ್ಲೂ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ವರ್ಷದೊಳಗೆ ತೀರಿಕೊಳ್ಳುತ್ತಾರೆ ಎಂಬುದನ್ನು ನೆನೆದರೆ, ಆಪರೇಷನ್ ಮಾಡುವುದು ಮೂಳೆ ಕೂಡಿಸಲಿಕ್ಕಲ್ಲ, ಮುದುಕರನ್ನು ಮರುದಿನವೇ ಎಬ್ಬಿಸಿ ಕೂರಿಸಲಿಕ್ಕೆ ಎಂಬ ವೈದ್ಯರ ಮಾತು ಅರ್ಥವಾಗುತ್ತದೆ.

ಹಿಡಿದಿಡುವ ಸಾಧನಗಳು ಮುಖ್ಯವಾಗಿ ಎರಡು. ಒಂದು ಡಿಎಚ್‌ಎಸ್, ಅಂದರೆ ಡೈನಾಮಿಕ್ ಹಿಪ್ ಸ್ಕ್ರೂ. ಅದರ ದಪ್ಪ ಸ್ಕ್ರೂ ಕುತ್ತಿಗೆಯ ಮೂಲಕ ತಲೆಯೊಳಗೆ ಹೋಗುತ್ತದೆ, ಅದರ ಹಿಂತುದಿ ಕೊಳವೆಯೊಂದರೊಳಗೆ ಜಾರುವಂತಿರುತ್ತದೆ, ಆ ಕೊಳವೆ ಮೂಳೆಯ ಹೊರಮೈಗೆ ಬಿಗಿದ ಪ್ಲೇಟಿನ ಭಾಗ. ಈ ಜಾರುವಿಕೆಯೇ ಅದರ ಜೀವಾಳ. ಇದಕ್ಕೂ ಮೊದಲು 1940ರ ದಶಕದಲ್ಲಿ ಜಾರದ, ಒಂದೇ ತುಂಡಿನ ಮೊಳೆ-ಪ್ಲೇಟುಗಳಿದ್ದವು. ಪುಡಿಯಾದ ಮೂಳೆ ಸ್ವಲ್ಪ ಕುಸಿಯುವುದು ಸಹಜ. ಮೊಳೆ ಹಿಂದೆ ಸರಿಯದಿದ್ದರೆ ಅದರ ತುದಿ ತಲೆಯನ್ನು ತೂರಿ ಬಟ್ಟಲಿಗೆ ಇರಿಯುತ್ತಿತ್ತು. ಜಾರುವ ಸ್ಕ್ರೂ ಆ ಕುಸಿತಕ್ಕೆ ದಾರಿ ಕೊಟ್ಟು, ನಡೆದಾಗ ಬೀಳುವ ಭಾರದಿಂದಲೇ ತುಂಡುಗಳು ಒಂದಕ್ಕೊಂದು ಒತ್ತಿಕೊಳ್ಳುವಂತೆ ಮಾಡಿತು. ಶತ್ರುವನ್ನೇ ಕೆಲಸಕ್ಕೆ ಹಚ್ಚಿದ ಇಂಥ ವಿನ್ಯಾಸವನ್ನು ಕಂಡರೆ ಯಾವ ಎಂಜಿನಿಯರಿಗಾದರೂ ಸಂತೋಷವಾಗುತ್ತದೆ.

ಇನ್ನೊಂದು ನಮ್ಮ ಆಸ್ಪತ್ರೆಗಳಲ್ಲಿ ಪಿಎಫ್‌ಎನ್ (ಪ್ರಾಕ್ಸಿಮಲ್ ಫೀಮೊರಲ್ ನೇಲ್) ಎಂದು ಕರೆಯುವ ಸರಳು. 1980ರ ದಶಕದ ಗಾಮಾ ನೇಲ್ ಇದರ ಹಿರಿಯಣ್ಣ. ಇಲ್ಲಿ ಪ್ಲೇಟಿನ ಬದಲು ಸರಳು ಮೂಳೆಯ ಟೊಳ್ಳಿನೊಳಗೇ ಇರುತ್ತದೆ, ಸ್ಕ್ರೂಗಳು ಅದರ ತೂತುಗಳ ಮೂಲಕ ತಲೆಗೆ ಹೋಗುತ್ತವೆ, ಜಾರುವಿಕೆ ಇಲ್ಲಿಯೂ ಉಂಟು. ವ್ಯತ್ಯಾಸವಿರುವುದು ಸನ್ನೆಯ ಉದ್ದದಲ್ಲಿ. ಹೆಜ್ಜೆ ಹಾಕುವಾಗ ಒಂಟಿ ಕಾಲಿನ ಮೇಲೆ ನಿಂತ ಗಳಿಗೆಯಲ್ಲಿ ಕೀಲಿನ ಮೇಲೆ ಬೀಳುವ ಬಲ ದೇಹದ ತೂಕದ ಸುಮಾರು ಎರಡೂವರೆ ಪಟ್ಟು. ಈ ಭಾರ ಬೀಳುವ ಗೆರೆಗೂ ಅದನ್ನು ಹೊರುವ ಉಕ್ಕಿಗೂ ನಡುವೆ ದೂರ ಹೆಚ್ಚಿದಷ್ಟೂ ಉಕ್ಕು ಬಾಗುವ ಒತ್ತಡ ಹೆಚ್ಚು. ಪ್ಲೇಟು ಮೂಳೆಯ ಹೊರಗೋಡೆಯ ಮೇಲಿದೆ, ಸರಳು ಒಳಗಿದೆ, ಆದ್ದರಿಂದ ಸರಳಿನ ಮೇಲಿನ ಬಾಗುಬಲ ಕಡಿಮೆ. ಜೊತೆಗೆ ಕೆಳಗಿನ ತುಂಡು ಒಳಕ್ಕೆ ಜಾರದಂತೆ ಸರಳೇ ಗೂಟದಂತೆ ತಡೆಯುತ್ತದೆ.

ಹಾಗಾದರೆ ಎಲ್ಲರಿಗೂ ಸರಳೇ ಏಕೆ ಬೇಡ? ಲೆಕ್ಕದ ಮೇಲೆ ಗೆದ್ದದ್ದೆಲ್ಲ ಮನುಷ್ಯರಲ್ಲಿ ಗೆಲ್ಲುವುದಿಲ್ಲ. ಎರಡೇ ತುಂಡಾದ ಮುರಿತಗಳಲ್ಲಿ ಡಿಎಚ್‌ಎಸ್ ಮತ್ತು ಸರಳುಗಳ ನಡುವೆ ನಡೆದಾಟ, ಸಾವು, ಬದುಕಿನ ಗುಣಮಟ್ಟ ಯಾವುದರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಕಂಡುಬಂದಿಲ್ಲ. ಡಿಎಚ್‌ಎಸ್ ಬೆಲೆಯೂ ಕಡಿಮೆ. ಸರಳು ಹಾಕಿದವರಲ್ಲಿ, ಅದರಲ್ಲೂ ಹಳೆಯ ಮಾದರಿಗಳಲ್ಲಿ, ಸರಳಿನ ತುದಿಯ ಬಳಿ ತೊಡೆಮೂಳೆ ಹೊಸದಾಗಿ ಮುರಿಯುವ ತೊಂದರೆ ಹೆಚ್ಚಿತ್ತು. ಎರಡು ಸ್ಕ್ರೂಗಳ ಪಿಎಫ್‌ಎನ್‌ನಲ್ಲಿ ಒಂದು ಸ್ಕ್ರೂ ಒಳಕ್ಕೆ ತೂರಿ ಇನ್ನೊಂದು ಹೊರಕ್ಕೆ ಬರುವ ವಿಚಿತ್ರ ದೋಷವೂ ಉಂಟು. ವೈದ್ಯರು ಇದನ್ನು ಝಡ್ ಪರಿಣಾಮ ಎನ್ನುತ್ತಾರೆ. ಸರಳಿಗೆ ನಿಜವಾದ ಮೇಲುಗೈ ಇರುವುದು ಮುರಿತ ಅಸ್ಥಿರವಾಗಿದ್ದಾಗ. ಗೆರೆ ಹಿಮ್ಮೊಗವಾಗಿ, ಅಂದರೆ ಒಳಗಿನಿಂದ ಕೆಳಹೊರಗಿನ ಕಡೆಗೆ ಓಡಿದ್ದರೆ ಡಿಎಚ್‌ಎಸ್ ಜಾರುವಿಕೆಯೇ ಮುಳುವಾಗುತ್ತದೆ, ತುಂಡುಗಳು ಒತ್ತಿಕೊಳ್ಳುವ ಬದಲು ಬೇರಾಗುತ್ತವೆ. ಹೊರಗೋಡೆ ತೆಳುವಾಗಿದ್ದರೆ ಡಿಎಚ್‌ಎಸ್ ಕೊಳವೆಗಾಗಿ ಕೊರೆಯುವ ದೊಡ್ಡ ತೂತೇ ಅದನ್ನು ಒಡೆಯಬಹುದು. ಡೆನ್ಮಾರ್ಕಿನವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊರಗೋಡೆ ಒಡೆದವರಲ್ಲಿ ಶೇ. 22 ಮಂದಿಗೆ ಮರುಚಿಕಿತ್ಸೆ ಬೇಕಾಯಿತು, ಗೋಡೆ ಉಳಿದವರಲ್ಲಿ ಶೇ. 3 ಮಂದಿಗೆ ಮಾತ್ರ. ಅಮ್ಮನ ಎಕ್ಸ್-ರೇಯಲ್ಲಿ ಚಿಕ್ಕ ಉಬ್ಬು ಬೇರೆಯಾಗಿತ್ತು, ಹೊರಗೋಡೆ ಹಾಳೆಯಂತಿತ್ತು. ಸರಳನ್ನು ಆರಿಸಿದ್ದು ಇದಕ್ಕಾಗಿ, ನೆಂಟರು ಊಹಿಸಿದ ಬೇರಾವ ಕಾರಣಕ್ಕೂ ಅಲ್ಲ.

ಸಾಧನದ ಆಯ್ಕೆಯ ಬಗ್ಗೆ ಇಷ್ಟು ಬರೆದರೂ, ಓದಿದ್ದರಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಒಂದು ಅಳತೆ. ಸ್ಕ್ರೂವಿನ ತುದಿಯಿಂದ ತಲೆಯ ನೆತ್ತಿಗೆ ಇರುವ ದೂರವನ್ನು ಮುಂದಿನಿಂದ ತೆಗೆದ ಎಕ್ಸ್-ರೇಯಲ್ಲೊಮ್ಮೆ, ಪಕ್ಕದಿಂದ ತೆಗೆದದ್ದರಲ್ಲೊಮ್ಮೆ ಅಳೆದು ಕೂಡಿಸಬೇಕು. ಅಮೆರಿಕದ ಬಾಮ್‌ಗಾರ್ಟ್ನರ್ ಮತ್ತು ಸಂಗಡಿಗರು 1995ರಲ್ಲಿ ಹೀಗೆ ಅಳೆದಾಗ, ಮೊತ್ತ 25 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆಯಿದ್ದ 120 ಸ್ಕ್ರೂಗಳಲ್ಲಿ ಒಂದೂ ತಲೆಯನ್ನು ಸೀಳಿಕೊಂಡು ಹೊರಬಂದಿರಲಿಲ್ಲ. ದುಬಾರಿ ಸಾಧನವನ್ನು ತಪ್ಪು ಜಾಗದಲ್ಲಿ ಇಟ್ಟರೆ ಸೋಲುತ್ತದೆ, ಅಗ್ಗದ್ದನ್ನು ನೆತ್ತಿಯ ಹತ್ತಿರ, ನಟ್ಟನಡುವೆ ಇಟ್ಟರೆ ಹಿಡಿಯುತ್ತದೆ. ನೆಂಟರು ಕೇಳಬೇಕಾಗಿದ್ದ ಪ್ರಶ್ನೆ ಇದು, ಆದರೆ ಬಿಲ್ಲಿನಲ್ಲಿ ಇದಕ್ಕೊಂದು ಸಾಲು ಇರುವುದಿಲ್ಲವಾದ್ದರಿಂದ ಯಾರೂ ಕೇಳುವುದಿಲ್ಲ. ಡಿಸ್ಚಾರ್ಜ್ ಆಗುವ ದಿನ ನಾನು ಅಮ್ಮನ ಎರಡು ಫಿಲ್ಮುಗಳನ್ನೂ ಸ್ಕೇಲು ಹಿಡಿದು ಅಳೆಯುತ್ತಿದ್ದುದನ್ನು ಕಂಡ ಯುವ ವೈದ್ಯರು ನಕ್ಕು, ಎಕ್ಸ್-ರೇ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಸ್ಕ್ರೂವಿನ ನಿಜವಾದ ದಪ್ಪ ಗೊತ್ತಿರುವುದರಿಂದ ಅದರ ಲೆಕ್ಕದಲ್ಲಿ ಭಾಗಿಸಬೇಕು ಸಾರ್ ಎಂದು ತಿದ್ದಿದರು. ಭಾಗಿಸಿದ ಮೇಲೆ 21 ಬಂತು.

ಆರು ತಿಂಗಳ ಎಕ್ಸ್-ರೇಯಲ್ಲಿ ಮುರಿತದ ಗೆರೆ ಮಾಸಿತ್ತು, ಸ್ಕ್ರೂಗಳ ಹಿಂತುದಿ ಮೊದಲಿಗಿಂತ ಸುಮಾರು ಒಂದು ಸೆಂಟಿಮೀಟರ್ ಹೊರಗೆ ಬಂದಿತ್ತು. ಜಾರಬೇಕಾದದ್ದು ಜಾರಿದೆ, ಅದಕ್ಕೇ ಮೂಳೆ ಕೂಡಿದೆ ಎಂದರು ವೈದ್ಯರು. ಅದರಿಂದ ಎಡಗಾಲು ತುಸು ಗಿಡ್ಡವಾಗಿದೆ ಎಂಬುದನ್ನು ಅಮ್ಮ ಎಕ್ಸ್-ರೇಗೂ ಮೊದಲೇ ಕಂಡುಕೊಂಡಿದ್ದರು. ಬಸ್ ನಿಲ್ದಾಣದ ಬಳಿ ಕೂರುವ ಚಪ್ಪಲಿ ಹೊಲಿಯುವವರಿಂದ ಎಡ ಚಪ್ಪಲಿಗೆ ಇನ್ನೊಂದು ಪದರ ಅಟ್ಟೆ ಹಾಕಿಸಿಕೊಂಡು ಬಂದೆ. ದೊಡ್ಡಮ್ಮನ ಕಾಲುಗಳು ಸಮನಾಗಿಯೇ ಇವೆ, ಆದರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಾರದೆಂದು ಅವರಿಗೆ ಹೇಳಿದ್ದಾರೆ. ಹಬ್ಬದ ದಿನ ಅವರು ಕುರ್ಚಿಯಲ್ಲಿ ಕೂತು, ಕೆಳಗೆ ಕಾಲು ಚಾಚಿ ಕೂತ ತಂಗಿಯ ಕಡೆ ನೋಡುತ್ತಾ, ನಿನಗೇ ಒಳ್ಳೆಯದನ್ನು ಹಾಕಿದ್ದಾರೆ ಕಣೇ ಎನ್ನುತ್ತಾರೆ.